ಓದುಗರ ಪ್ರಶ್ನೆ: ಪ್ಯೂರಿಟನ್ ಮಂದಿ ಅಷ್ಟು ಕೆಟ್ಟವರೇನ್ರಿ?

ಪ್ರಶ್ನೆ: ನನ್ನ ಮಗಳು ಕಲಬುರಗಿಯಾಗ ರೂಮ್ ಮಾಡ್ಕೊಂಡು ಕೆಎಎಸ್‌ಗೆ ಓದ್ಲಿಕತ್ತಾಳ. ಅಮೆರಿಕಾದ ಪ್ಯೂರಿಟನ್ನರು ಧರ್ಮಸ್ವಾತಂತ್ರ್ಯಕ್ಕಾಗಿ ದೇಶ ಬಿಟ್ಟವರು ಅಂತ ಗೈಡ್‌ನಾಗ ಅದ, ಕೋಚಿಂಗ್ ಸರ್ ನೋಡಿದ್ರ ಅವರು ನಗ್ಲಿಕ್ಕೂ ಬಿಡದವರು, ಮಾಟಗಾತಿಯರಿಗೆ ಸುಟ್ಟವರು ಅಂತಾರಂತ. ಯಾವುದು ಖರೇ?
– ಒಬ್ಬ ಓದುಗರು, ಶಹಾಪುರ

ಉತ್ತರ: ಪ್ಯೂರಿಟನ್ನರು ಅಂದ್ರ ಇಂಗ್ಲೆಂಡಿನ ಚರ್ಚ್ ಸುಧಾರಿಸಬೇಕು ಅಂತ ಹಟ ಹಿಡಿದ ಕ್ರಿಶ್ಚಿಯನ್ ಗುಂಪು. ನೀವು ಕೇಳಿದ ಎರಡೂ ಮಾತು ಅರ್ಧಂಬರ್ಧ ಖರೇ ಅವರಿ, ಸುಟ್ಟ ಮಾತು ಮಾತ್ರ ಪೂರಾ ಸುಳ್ಳು, ಅದನ್ನ ಮೊದಲು ಮುಗಿಸ್ತೀನಿ. 1692ರಾಗ ಅಮೆರಿಕಾದಾಗ ಅವರ ವಸಾಹತು ಮ್ಯಾಸಚೂಸೆಟ್ಸ್‌ನ ಸೇಲಂನಾಗ ಮಾಟದ ಆರೋಪದ ಮ್ಯಾಲ 19 ಮಂದಿಗೆ ಗಲ್ಲಿಗೆ ಹಾಕಿದ್ರು, ಅದ್ರಾಗ 5 ಮಂದಿ ಗಂಡಸರೇ, ಗೈಲ್ಸ್ ಕೋರಿ ಅನ್ನೋ ಮುದುಕ ವಿಚಾರಣಿಗೆ ಒಪ್ಪಲಿಲ್ಲಂತ ಮೈಮ್ಯಾಲ ಕಲ್ಲು ಹೇರಿ ಹೇರಿ ಕೊಂದ್ರು, ಆದ್ರ ಯಾರಿಗೂ ಸುಡ್ಲಿಲ್ಲ. 1697ರಾಗ ಅದೇ ಕೋರ್ಟಿನ ಜಡ್ಜ್ ಸ್ಯಾಮ್ಯುಯೆಲ್ ಸೀವಾಲ್ ಬೋಸ್ಟನ್ನಿನ ಚರ್ಚ್‌ನಾಗ ಮಂದಿ ಮುಂದ ಎದ್ದು ನಿಂತ, ಅವ ಬರಕೊಟ್ಟ ತಪ್ಪೊಪ್ಪಿಗಿ ಪಾದ್ರಿ ಓದಿ ಮುಗಿಸೋ ತನಕ ನಿಂತೇ ಇದ್ದ. ಕುರ್ಚಿ ಮ್ಯಾಲ ಕುಂತವರು ಹಿಂಗ ನಿಲ್ಲೋದು ಯಾವ ದೇಶದಾಗೂ ಅಪರೂಪ ಬಿಡ್ರಿ.

ಇನ್ನ ಸ್ವಾತಂತ್ರ್ಯ. 1630ರಾಗ ತಮ್ಮ ಮುಖಂಡ ಜಾನ್ ವಿಂಥ್ರಾಪ್ ಜೊತಿ ಅಮೆರಿಕಾಕ್ಕ ಹಡಗು ಹತ್ತಿದ ಪ್ಯೂರಿಟನ್ನರಿಗೆ ಬೇಕಾಗಿದ್ದು ತಮ್ಮ ಸ್ವಾತಂತ್ರ್ಯ, ಎಲ್ಲಾರದಲ್ಲ. (1620ರಾಗ ಮೇಫ್ಲವರ್ ಹಡಗಿನಾಗ ಬಂದವರು ಬ್ಯಾರೆ ಗುಂಪು, ಅವರು ಇಂಗ್ಲೆಂಡಿನ ಚರ್ಚನ್ನೇ ಬಿಟ್ಟವರು, ಇವರು ಒಳಗೇ ಇದ್ದು ಸುಧಾರಸ್ತೀವಿ ಅಂದವರು, ಪರೀಕ್ಷಾದಾಗ ಇಬ್ಬರಿಗೂ ಕಲಿಸಿ ಬರೀಬ್ಯಾಡ ಅಂತ ಮಗಳಿಗೆ ಹೇಳ್ರಿ.) ರೋಜರ್ ವಿಲಿಯಮ್ಸ್ ಅನ್ನೋ ಪಾದ್ರಿ, ದೇವರ ವಿಷಯದಾಗ ಸರ್ಕಾರ ಕೈ ಹಾಕಬಾರದು ಅಂದ, ಮೂಲನಿವಾಸಿಗಳ ಜಮೀನು ದಾನ ಮಾಡ್ಲಿಕ್ಕೆ ಇಂಗ್ಲೆಂಡಿನ ರಾಜ ಯಾರು ಅಂತನೂ ಕೇಳಿದ, 1635ರಾಗ ಗಡಿಪಾರಿನ ಹುಕುಂ ಆಯ್ತು. ಮರುವರ್ಷ ಅವ ಪ್ರಾವಿಡೆನ್ಸ್ ಊರು ಕಟ್ಟಿ ಇಲ್ಲಿ ಯಾರ ಮನಸ್ಸಿಗೆ ಯಾವ ದೇವರೋ ಅವರಿಗೆ ಬಿಟ್ಟದ್ದು ಅಂದ. ಆನ್ ಹಚಿನ್ಸನ್ ಮನಿಯಾಗ ಮಂದಿ ಕೂಡಿಸಿ ಪಾದ್ರಿಗಳ ಪ್ರವಚನದಾಗ ತಪ್ಪು ತೆಗೀತಾಳಂತ ಅಕಿಗೂ ಹೊರಗ ಹಾಕಿದ್ರು. ಮೇರಿ ಡೈಯರ್ ಕ್ವೇಕರ್ ಪಂಥದಾಕಿ, ಬರಬ್ಯಾಡ ಅಂದ್ರೂ ತಿರುಗಿ ಬಂದ್ಲಂತ 1660ರಾಗ ಗಲ್ಲು. ಹಿಂಗಾಗಿ ಅಮೆರಿಕಾದವರು ಎದಿ ತಟ್ಕೊಂಡು ಹೇಳೋ ಧರ್ಮಸ್ವಾತಂತ್ರ್ಯದಾಗ ಪ್ಯೂರಿಟನ್ನರಿಗಿಂತ ಪ್ಯೂರಿಟನ್ನರು ಓಡಿಸಿದವರ ಪಾಲೇ ಜಾಸ್ತಿ ಅಂತ ನಾ ಅಂತೀನಿ.

ಅವರದೇ ಸ್ವಂತ ಕೊಡುಗಿ ಅಂದ್ರ ಸಾಲಿ. ಬೈಬಲ್ ಪ್ರತಿಯೊಬ್ಬರೂ ತಾವೇ ಓದಬೇಕು ಅನ್ನೋ ಹಟ, ಅದಕ್ಕೆ 1647ರ ಕಾನೂನು ಪ್ರಕಾರ 50 ಮನಿ ಇದ್ದ ಊರಾಗ ಓದು ಬರಹ ಕಲಿಸೋ ಮಾಸ್ತರ್ ಇರಬೇಕು, 100 ಮನಿ ಇದ್ರ ಹುಡುಗರಿಗೆ ಕಾಲೇಜಿಗೆ ತಯಾರು ಮಾಡೋ ಗ್ರಾಮರ್ ಸ್ಕೂಲ್. ಹಾರ್ವರ್ಡ್ ಶುರುವಾಗಿದ್ದು 1636ರಾಗ. (ಬೀದರಿನ ಮಹಮೂದ್ ಗವಾನ್ ಮದರಸಾ 1472ರದ್ದು, ಸುಮ್ನೆ ನೆನಪಾಯ್ತು.) ಊರ ಮೀಟಿಂಗ್‌ನಾಗ ಕುಂತು ತೆರಿಗಿ, ರಸ್ತಾದ ಮಾತು ತಾವೇ ತೀರ್ಮಾನ ಮಾಡೋ ರೂಢಿನೂ ಅಲ್ಲಿಂದನೇ, ಆದ್ರ ವಸಾಹತಿನ ಚುನಾವಣಾದಾಗ ಓಟು ಚರ್ಚಿನ ಸದಸ್ಯ ಗಂಡಸರಿಗೆ ಮಾತ್ರ.

ಪ್ರಶ್ನೆ: ಅವರು ಕ್ರಿಸ್‌ಮಸ್ ಹಬ್ಬನೇ ಬಂದ್ ಮಾಡಿದ್ರಂತ, ಕ್ರಿಶ್ಚಿಯನ್ನರಾಗಿ ಹ್ಯಾಂಗ?
– ಒಬ್ಬ ಓದುಗರು, ಹುಮನಾಬಾದ್

ಉತ್ತರ: ಹೌದ್ರಿ, 1659ರಿಂದ 1681ರ ತನಕ ಮ್ಯಾಸಚೂಸೆಟ್ಸ್‌ನಾಗ ಹಬ್ಬ ಮಾಡಿದವರಿಗೆ 5 ಶಿಲ್ಲಿಂಗ್ ದಂಡ. ಬೈಬಲ್‌ನಾಗ ಆ ತಾರೀಖು ಇಲ್ಲ, ಮ್ಯಾಲ ಮಂದಿ ಕುಡಿದು ಬೀದ್ಯಾಗ ಗದ್ದಲ ಮಾಡ್ತಾರ ಅನ್ನೋದು ಅವರ ವಾದ. ಹಂಗಂತ ಬಿಯರ್ ಬಿಟ್ಟವರಲ್ಲ, ಬರೀ ಕರೀ ಬಟ್ಟಿ ಹಾಕಿದವರೂ ಅಲ್ಲ, ಕೆಂಪು, ಹಸಿರು, ನೀಲಿ ಎಲ್ಲಾ ಉಡ್ತಿದ್ರು. ಆದ್ರ ಭಾನುವಾರದ ಪ್ರವಚನ ಮಾತ್ರ ಕಠಿಣ, ಬೆಂಕಿ ಇಲ್ಲದ ಕಟ್ಟಡ, ಅಲ್ಲಿಯ ಹಿಮದ ಚಳಿ, ಪಾದ್ರಿ ಮುಂದ ಮರಳಿನ ಗಡಿಯಾರ, ಅದು ಖಾಲಿ ಆದ್ರ ತಿರುವಿಟ್ಟು ಮತ್ತ ಶುರು.

ಪ್ರಶ್ನೆ: ಅವರ ದುಡಿಮಿಯ ತತ್ವ ನಮ್ಮ ಶರಣರ ಕಾಯಕದಂಗೇ ಅದ ಅಂತ ಭಾಷಣದಾಗ ಕೇಳಿದೆ. ಒಪ್ತೀರೇನು?
– ಒಬ್ಬ ಓದುಗರು, ಬಸವಕಲ್ಯಾಣ

ಉತ್ತರ: ಅರ್ಧ ಒಪ್ತೀನಿ. ಯಾವ ಕೆಲಸನೂ ಕೀಳಲ್ಲ, ಅದೂ ದೇವರ ಸೇವಾನೇ ಅನ್ನೋದು ಎರಡೂ ಕಡಿ ಅದ. ಆದ್ರ ಪ್ಯೂರಿಟನ್ನರ ಪ್ರಕಾರ ಯಾರಿಗೆ ಮುಕ್ತಿ ಅಂತ ದೇವರು ಮೊದಲೇ ಬರದಿಟ್ಟಾನ, ಮನುಷ್ಯಾಗ ಗೊತ್ತಾಗೂದಿಲ್ಲ. ಆ ಅಂಜಿಕಿಯಾಗ ದುಡಿದು ದುಡಿದು, ಗಳಿಕಿಯನ್ನೇ ದೇವರ ಕೃಪಾದ ಗುರುತು ಅಂತ ತಿಳಕೊಂಡ್ರು, ಬಂಡವಾಳಶಾಹಿಗೆ ಅದು ಗೊಬ್ಬರ ಆಯ್ತು ಅಂತ 1905ರ ಹೊತ್ತಿಗೆ ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ ವಾದ ಮಾಡಿದ, ಇವತ್ತಿಗೂ ಅದರ ಮ್ಯಾಲ ಜಗಳ ನಡದದ. ನಮ್ಮ ಆಯ್ದಕ್ಕಿ ಲಕ್ಕಮ್ಮ ಏನ್ ಮಾಡಿದ್ಲು, ಗಂಡ ಮಾರಯ್ಯ ದಿನಕ್ಕಿಂತ ಜಾಸ್ತಿ ಅಕ್ಕಿ ಆಯ್ಕೊಂಡು ಬಂದ್ರ ವಾಪಸ್ ಅಲ್ಲೇ ಹಾಕಿ ಬಾ ಅಂದ್ಲು.

ಆದ್ರ ಪ್ಯೂರಿಟನ್ನರಿಗೆ ಹಂಚೋ ಮಾತೇ ಗೊತ್ತಿರಲಿಲ್ಲ ಅನ್ನಬ್ಯಾಡ್ರಿ. ವಿಂಥ್ರಾಪ್‌ನ 1630ರ ಪ್ರವಚನದಾಗ ‘ನಾವು ಗುಡ್ಡದ ಮ್ಯಾಲಿನ ಪಟ್ಟಣ’ ಅನ್ನೋ ಮಾತು ಬರ್ತದ, ಕೆನಡಿ 1961ರಾಗ ಎತ್ಕೊಂಡ್ರು, ರೇಗನ್ ಅದಕ್ಕೆ ‘ಹೊಳೆಯೋ’ ಅಂತ ಸೇರ್ಸಿ 1989ರ ವಿದಾಯ ಭಾಷಣದ ತನಕ ಬಳಸಿದ್ರು, ಈಗ ಅದು ದೇಶದ ಹೆಮ್ಮಿ ಮಾತು. ಆದ್ರ ವಿಂಥ್ರಾಪ್ ಹೇಳಿದ್ದು ಹೆಮ್ಮಿಗಲ್ಲ, ಎಲ್ಲಾರ ಕಣ್ಣು ನಮ್ಮ ಮ್ಯಾಲ ಅವ, ಎಡವಿದ್ರ ಜಗತ್ತು ಆಡ್ಕೋತದ ಅಂತ ಎಚ್ಚರಿಕಿ. ಅದಕ್ಕಿಂತ ಮೊದಲು ಉಳ್ಳವ ಇಲ್ಲದವಗ ಕೊಡಬೇಕು, ತಿರುಗಿ ಕೊಡ್ಲಿಕ್ಕೆ ಏನೂ ಇಲ್ಲದವನ ಸಾಲ ಮಾಫಿ ಮಾಡಬೇಕು ಅಂತ ಉದ್ದಕ್ಕ ಹೇಳ್ಯಾನ, ಆ ಭಾಗ ಎಲೆಕ್ಷನ್ ಭಾಷಣದಾಗ ಬರೋದು ಭಾಳ ಕಮ್ಮಿ.