ದಾಲ್ ಮಿಲ್ ಸಾಫ್ಟ್‌ವೇರ್‌ನಲ್ಲಿ ಹಳೇ ಟಿನ್ ನಂಬರ್ ಕಾಲಂ ಡ್ರಾಪ್ ಮಾಡಬಹುದಾ?

ಯಾದಗಿರಿಯ ದಾಲ್ ಮಿಲ್ ಒಂದರ ಲೆಕ್ಕದ ಸಾಫ್ಟ್‌ವೇರ್ ನಿಮ್ಮ ಕೈಗೆ ಬಂದಿದೆ, ಪಾರ್ಟಿ ಟೇಬಲ್‌ನಲ್ಲಿ ಜಿಎಸ್‌ಟಿಗೂ ಹಿಂದಿನ ವ್ಯಾಟ್ ಕಾಲದ ಟಿನ್ (ವ್ಯಾಪಾರಿಯ ತೆರಿಗೆ ನೋಂದಣಿ ನಂಬರ್) ಕಾಲಂ ಸುಮ್ನೆ ಕೂತಿದೆ, ಡೇಟಾಬೇಸ್ ಮೈಎಸ್‌ಕ್ಯುಎಲ್ 8 ಅಂತ ಬರೆದಿದ್ದೀರಿ. ಡ್ರಾಪ್ ಮಾಡಬಹುದು, ಅಂದರೆ ಕಾಲಂ ಪೂರ್ತಿ ಅಳಿಸಿಹಾಕಬಹುದು, ಮಾಡಲೇಬೇಕು ಕೂಡ. ಆದರೆ ಇವತ್ತೇ ಬೇಡ.

"ಆಲ್ಟರ್ ಟೇಬಲ್ ಪಾರ್ಟಿ ಡ್ರಾಪ್ ಕಾಲಂ ಟಿನ್_ನಂಬರ್". ಬರೆಯೋದು ಇಷ್ಟೇ. ಎಂಟರ್ ಒತ್ತಿದ ಮೇಲೆ ರೋಲ್‌ಬ್ಯಾಕ್ ಇಲ್ಲ, ಮಾಡಿದ್ದನ್ನು ಹಿಂದಕ್ಕೆ ಪಡೆಯಲು ಆಗಲ್ಲ. ಮೊದಲೇ ಟ್ರಾನ್ಸಾಕ್ಷನ್ ಶುರು ಮಾಡಿದ್ದರೂ, ಮೈಎಸ್‌ಕ್ಯುಎಲ್‌ನಲ್ಲಿ ಆಲ್ಟರ್ ಅಂದ ಕೂಡಲೇ ತಾನಾಗಿ ಕಮಿಟ್ (ಖಾಯಂ) ಆಗಿಬಿಡುತ್ತದೆ. ಪೋಸ್ಟ್‌ಗ್ರೆಸ್ ಅನ್ನೋ ಇನ್ನೊಂದು ಡೇಟಾಬೇಸ್ ಆಗಿದ್ದರೆ ಹಿಂದಕ್ಕೆ ಬರಬಹುದಿತ್ತು.

ನಾನು ಕಲಬುರಗಿ ಗಂಜ್ ಮಾರುಕಟ್ಟೆಯಲ್ಲಿ ಅಡತಿ (ದಲ್ಲಾಳಿ) ಅಂಗಡಿಗಳ ಸಾಫ್ಟ್‌ವೇರ್ ನೋಡಿಕೊಳ್ಳುತ್ತೇನೆ. ಕೆಲವು ವರ್ಷದ ಹಿಂದೆ ಒಂದು ಅಂಗಡಿಯ ಪಟ್ಟಿ (ಮಾಲು ಮಾರಿದ ರೈತರಿಗೆ ಕೊಡುವ ಲೆಕ್ಕದ ಚೀಟಿ) ಟೇಬಲ್‌ನಲ್ಲಿ 'ಷರಾ' ಅನ್ನೋ ಕಾಲಂ ಇತ್ತು. ಯಾರೂ ತುಂಬುತ್ತಿರಲಿಲ್ಲ. ಕೋಡ್‌ನಲ್ಲೆಲ್ಲಾ ಆ ಹೆಸರು ಹುಡುಕಿದೆ, ಎಲ್ಲೂ ಸಿಗಲಿಲ್ಲ. ರಾತ್ರಿ ಡ್ರಾಪ್ ಮಾಡಿ ಮನೆಗೆ ಹೋದೆ. ಮರುದಿನ ತೊಗರಿ ಮಾಲು ಜೋರಾಗಿ ಬಂದಿತ್ತು. ಮಧ್ಯಾಹ್ನ ಒಬ್ಬ ರೈತರು ಪಟ್ಟಿ ಹಿಡಿದು ನಿಂತಿದ್ದರು. "ಇದೇನ್ರೀ, ಇಪ್ಪತ್ತೆರಡು ಚೀಲಕ್ಕ ಹಮಾಲಿ ಇಪ್ಪತ್ತೆರಡೇ ರೂಪಾಯಿ ಅದ?" ನೋಡಿದರೆ ಪ್ರಿಂಟ್ ಕೋಡ್ 'ಸೆಲೆಕ್ಟ್ ಸ್ಟಾರ್' ಅಂತ ಎಲ್ಲಾ ಕಾಲಂ ತಂದು, ಏಳನೇದು ಹಮಾಲಿ, ಎಂಟನೇದು ಚೀಲ ಅಂತ ಎಣಿಸಿ ಓದುತ್ತಿತ್ತು. ಷರಾ ನಾಲ್ಕನೇದು. ಅದು ಹೋದ ಮೇಲೆ ಹಮಾಲಿ ಜಾಗಕ್ಕೆ ಚೀಲದ ಲೆಕ್ಕ ಬಂದು ಕೂತಿತ್ತು. ಹಮಾಲಿ ಅಂದರೆ ಚೀಲ ಹೊರುವ ಕೂಲಿ, ಅದು ರೈತರ ಹಣದಲ್ಲೇ ಕಳೆಯುವಂಥದ್ದು. ತಮಗೇ ಲಾಭ ಆಗುವ ತಪ್ಪನ್ನು ಆ ರೈತರು ತಾವಾಗಿ ಬಂದು ಹೇಳಿದ್ದರು. ಅಷ್ಟರಲ್ಲಿ ಹಂಚಿದ್ದ ಪಟ್ಟಿಗಳನ್ನೆಲ್ಲಾ ವಾಪಸ್ ತರಿಸಲು ಸಂಜೆಯಾಯಿತು.

ಅದಕ್ಕೇ ಈಗ ಕಾಲಂ ತೆಗೆಯುವ ಮುಂಚೆ ಬಚ್ಚಿಡುತ್ತೇನೆ. ಮೈಎಸ್‌ಕ್ಯುಎಲ್ 8.0.23ರಿಂದ ಕಾಲಂ ಅನ್ನು 'ಇನ್ವಿಸಿಬಲ್' ಮಾಡುವ ಸೌಲಭ್ಯ ಇದೆ. ಡೇಟಾ ಅಲ್ಲೇ ಇರುತ್ತದೆ, ಸೆಲೆಕ್ಟ್ ಸ್ಟಾರ್‌ಗೆ ಮಾತ್ರ ಕಾಣುವುದಿಲ್ಲ. ಎಣಿಸಿ ಓದುವ ಕೋಡ್ ಇದ್ದರೆ ಆಗಲೇ ಸಿಕ್ಕಿಬೀಳುತ್ತದೆ, ಒಂದೇ ಸಾಲಿನಲ್ಲಿ ಮತ್ತೆ 'ವಿಸಿಬಲ್' ಮಾಡಬಹುದು. ಆದರೆ ಹೆಸರು ಹಿಡಿದು ಕೇಳುವವರಿಗೆ ಅದು ಇನ್ನೂ ಸಿಗುತ್ತಲೇ ಇರುತ್ತದೆ. ಅವರನ್ನು ಹಿಡಿಯಲು ಕೆಲವು ದಿನ ಬಿಟ್ಟು ಕಾಲಂ ಹೆಸರನ್ನೂ ಬದಲಿಸಿ. ನಾನು ಹೆಸರಿನ ಮೊದಲಿಗೆ 'ಹಳೇ_' ಅಂತ ಸೇರಿಸುತ್ತೇನೆ. ಎರಡೂ ಬೇಕು, ಒಂದು ಸಾಲದು.

ಇದಕ್ಕೂ ಮುಂಚೆ ಒಂದು ನೋಡಿ. ಟಿನ್ ಕಾಲಂ 'ನಾಟ್ ನಲ್' (ಖಾಲಿ ಬಿಡುವಂತಿಲ್ಲ) ಅಂತ ಇದ್ದು ಡಿಫಾಲ್ಟ್ ಬೆಲೆ ಇಲ್ಲದಿದ್ದರೆ, ಕೋಡ್ ಅದನ್ನು ತುಂಬೋದು ನಿಲ್ಲಿಸಿದ ದಿನವೇ ಹೊಸ ಪಾರ್ಟಿ ಸೇರಿಸಲು ಎರರ್ ಬರುತ್ತದೆ. ಮೊದಲು ಆ ಕಾಲಂ ನಲ್ (ಖಾಲಿ) ಇರಲು ಬಿಡಿ.

ಕೋಡ್ ಹುಡುಕಿದರಷ್ಟೇ ಸಾಲದು. ಡೇಟಾಬೇಸ್ ತನ್ನದೇ ವಿವರ ಇಟ್ಟುಕೊಳ್ಳುವ ಇನ್ಫರ್ಮೇಶನ್ ಸ್ಕೀಮಾದಲ್ಲಿ ವ್ಯೂ (ಉಳಿಸಿಟ್ಟ ಕ್ವೆರಿ), ಟ್ರಿಗರ್ (ಸಾಲು ಬದಲಾದಾಗ ತಾನಾಗಿ ಓಡುವ ಕೋಡ್), ಪ್ರೊಸೀಜರ್ (ಡೇಟಾಬೇಸ್‌ನಲ್ಲೇ ಇಟ್ಟ ಕೋಡ್) ಇವುಗಳ ಒಳಗೂ ಆ ಹೆಸರು ಹುಡುಕಿ. ವ್ಯೂ ಒಂದು ಕಾಲಂ ಮೇಲೆ ನಿಂತಿದ್ದರೂ ಮೈಎಸ್‌ಕ್ಯುಎಲ್ ನಿಮ್ಮನ್ನು ತಡೆಯುವುದಿಲ್ಲ. ಡ್ರಾಪ್ ಆಗಿಬಿಡುತ್ತದೆ, ಆಮೇಲೆ ಯಾರೋ ವ್ಯೂ ತೆರೆದಾಗ ಎರರ್. ಪೋಸ್ಟ್‌ಗ್ರೆಸ್ ಇಲ್ಲಿ ಒಳ್ಳೇದು, ಆಗಲ್ಲ ಅಂತ ಮೊದಲೇ ಹೇಳುತ್ತದೆ. ಹಾಗೆಯೇ ಮುನೀಮರನ್ನು ಕೂರಿಸಿಕೊಂಡು ಕೇಳಿ. ಅವರ ಎಕ್ಸೆಲ್ ಶೀಟ್ ನೇರ ಡೇಟಾಬೇಸ್‌ಗೆ ಜೋಡಿಸಿರುತ್ತದೆ, ಅದು ಯಾವ ಕೋಡ್ ಫೋಲ್ಡರ್‌ನಲ್ಲೂ ಇರುವುದಿಲ್ಲ.

ಎಷ್ಟು ದಿನ ಕಾಯಬೇಕು? ನಾನಾದರೆ ಮಾರ್ಚ್ 31ರ ಲೆಕ್ಕ ಮುಗಿಯುವವರೆಗೆ. ವರ್ಷಕ್ಕೊಮ್ಮೆ ಮಾತ್ರ ತೆಗೆಯುವ ರಿಪೋರ್ಟ್‌ಗಳು ಆಗಲೇ ಹೊರಗೆ ಬರೋದು, ಅಲ್ವಾ? ತೊಗರಿ ಸೀಸನ್ ನಡೆಯುವಾಗಂತೂ ಟೇಬಲ್ ಮುಟ್ಟಬೇಡಿ.

ಜಾಗ ಉಳಿಯುತ್ತದಾ ಅಂತಲೂ ಕೇಳಿದ್ದೀರಿ. ಟಿನ್ 11 ಅಂಕಿ. ಪಾರ್ಟಿಗಳು 5000 ಇದ್ದರೂ ಸುಮಾರು 60 ಕೆಬಿ, ಅಷ್ಟೇ. ಅದೂ 8.0.29ರಿಂದ ಡ್ರಾಪ್ ಸಾಮಾನ್ಯವಾಗಿ 'ಇನ್‌ಸ್ಟಂಟ್' ಆಗಿ ನಡೆಯುತ್ತದೆ. ಕಾಲಂ ಇಲ್ಲ ಅಂತ ಬರೆದಿಟ್ಟುಕೊಳ್ಳುತ್ತದೆ, ಹಳೇ ಸಾಲುಗಳನ್ನು ಮುಟ್ಟುವುದಿಲ್ಲ. ಫೈಲ್ ನಿಜವಾಗಿ ಚಿಕ್ಕದಾಗಬೇಕಾದರೆ 'ಆಪ್ಟಿಮೈಸ್ ಟೇಬಲ್' ಮಾಡಬೇಕು. ನಿಮಗೆ ಅದರ ಅಗತ್ಯ ಇಲ್ಲ. ಈ ಕಾಲಂ ತೆಗೆಯಬೇಕಾದ ಕಾರಣ ಬೇರೆ. ಫಾರ್ಮ್‌ನಲ್ಲಿ ಟಿನ್, ಜಿಎಸ್‌ಟಿ ಎರಡೂ ಡಬ್ಬಿ ಇದ್ದರೆ ಹೊಸ ಹುಡುಗರು 15 ಅಕ್ಷರದ ಜಿಎಸ್‌ಟಿ ನಂಬರನ್ನು ಟಿನ್ ಡಬ್ಬಿಗೆ ತುರುಕುತ್ತಾರೆ. ಎರಡೂ ಕರ್ನಾಟಕದ ಕೋಡ್ 29ರಿಂದಲೇ ಶುರುವಾಗುತ್ತವಲ್ಲ.

ಕೊನೇ ದಿನ ಡ್ರಾಪ್ ಮಾಡುವ ಮುಂಚೆ ಪಾರ್ಟಿ ಐಡಿ ಮತ್ತು ಟಿನ್ ಎರಡನ್ನೇ ಬೇರೆ ಟೇಬಲ್‌ಗೆ ಕಾಪಿ ಮಾಡಿ, ಎರಡೂ ಕಡೆ ಸಾಲುಗಳನ್ನು ಎಣಿಸಿ ತಾಳೆ ನೋಡಿ. ಜಿಎಸ್‌ಟಿ ಶುರುವಾದ 2017ರ ಜುಲೈ 1ಕ್ಕಿಂತ ಹಿಂದಿನ ಬಿಲ್ ಯಾರಾದರೂ ಕೇಳಿದರೆ ಆ ಟೇಬಲ್‌ನಿಂದ ತೆಗೆದುಕೊಡಬಹುದು.