ಕ್ಯೂಆರ್ ಫಲಕ ತೆಗೆಯುವುದರಿಂದ ಪ್ರಯೋಜನವಿಲ್ಲ

ರಾಜಾಜಿನಗರದಲ್ಲಿ ದಿನಸಿ ಅಂಗಡಿ ನಡೆಸುತ್ತಿರುವ ತಾವು, ವರ್ಷಕ್ಕೆ ಸುಮಾರು 46 ಲಕ್ಷ ರೂಪಾಯಿ ಯುಪಿಐ ಮೂಲಕವೇ ಬರುತ್ತಿರುವುದರಿಂದ ಕ್ಯೂಆರ್ ಫಲಕವನ್ನು ತೆಗೆದುಬಿಡಲೇ ಎಂದು ಕೇಳಿದ್ದೀರಿ. ದಯವಿಟ್ಟು ತೆಗೆಯಬೇಡಿ. 2025ರ ಜುಲೈನಲ್ಲಿ ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸುಗಳು ಬಂದಾಗ ನಮ್ಮ ಬೀದಿಯಲ್ಲೂ ‘ನಗದು ಮಾತ್ರ’ ಎಂಬ ಚೀಟಿಗಳು ಕಾಣಿಸಿಕೊಂಡವು. ಆದರೆ ಜಿಎಸ್‌ಟಿ ಕಾಯ್ದೆ ನೋಡುವುದು ಒಟ್ಟು ವಹಿವಾಟನ್ನೇ ಹೊರತು ಹಣ ಬಂದ ದಾರಿಯನ್ನಲ್ಲ. ಗಿರಾಕಿಯನ್ನು ಕಳೆದುಕೊಂಡದ್ದಷ್ಟೇ ಆ ಚೀಟಿ ಅಂಟಿಸಿದವರಿಗೆ ಸಿಕ್ಕ ಲಾಭ.

ಹಾಲು, ತರಕಾರಿಗೆ ತೆರಿಗೆಯೇ ಇಲ್ಲವಲ್ಲ ಎಂಬ ತಮ್ಮ ಮಾತು ಅರ್ಧ ಸರಿ. ಅವನ್ನಷ್ಟೇ ಮಾರುವವರಿಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಆದರೆ ಜೊತೆಗೆ ಸಾಬೂನು, ಬಿಸ್ಕತ್ತುಗಳನ್ನೂ ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ರೂಪಾಯಿ ದಾಟಿದರೆ ನೋಂದಣಿ ಕಡ್ಡಾಯ; ಆ ಮಿತಿಯನ್ನು ಲೆಕ್ಕ ಹಾಕುವಾಗ ಹಾಲು, ತರಕಾರಿಯ ಮಾರಾಟವೂ ಅದರಲ್ಲಿ ಸೇರುತ್ತದೆ, ತೆರಿಗೆ ಮಾತ್ರ ಅವುಗಳ ಮೇಲೆ ಬೀಳುವುದಿಲ್ಲ. ಬಂದ ಹಣವೆಲ್ಲ ಮಾರಾಟದ್ದೇ ಆಗಿದ್ದರೆ ತಾವು ಮಿತಿ ದಾಟಿದ್ದೀರಿ. ಮನೆಯವರು ಕಳುಹಿಸಿದ್ದು, ಕೈಸಾಲ, ಚೀಟಿ ಹಣ ಅದೇ ಖಾತೆಗೆ ಬಂದಿದ್ದರೆ (ನನ್ನದೂ ಹಾಗೆಯೇ ಇತ್ತು) ದಾಖಲೆ ಸಮೇತ ಬೇರ್ಪಡಿಸಿ, ಇನ್ನು ಮುಂದೆ ಅಂಗಡಿಗೆಂದೇ ಪ್ರತ್ಯೇಕ ಖಾತೆ ಇಡಿ.

ವಹಿವಾಟು 1.5 ಕೋಟಿಯೊಳಗಿರುವ ವ್ಯಾಪಾರಿಗಳಿಗೆ ಕಾಂಪೊಸಿಷನ್ ಎಂಬ ಸರಳ ತೆರಿಗೆ ಪದ್ಧತಿ ಇದೆ: ತೆರಿಗೆಯುಳ್ಳ ಸರಕಿನ ಮಾರಾಟದ ಮೇಲೆ ಶೇ 1. ಅದನ್ನು ಗಿರಾಕಿಯಿಂದ ಪ್ರತ್ಯೇಕವಾಗಿ ವಸೂಲಿ ಮಾಡುವಂತಿಲ್ಲ, ಖರೀದಿಯ ಮೇಲೆ ಕೊಟ್ಟ ತೆರಿಗೆಯೂ ಹಿಂದಿರುಗದು. ಆದರೂ ತಮ್ಮಂಥ ಅಂಗಡಿಗೆ ಇದೇ ಹಗುರವೆಂದು ನನಗನ್ನಿಸುತ್ತದೆ. ಹಳೆಯ ವರ್ಷಗಳ ಲೆಕ್ಕವನ್ನು ಮಾತ್ರ ಲೆಕ್ಕಪರಿಶೋಧಕರಿಗೆ ತೋರಿಸಿಯೇ ಅರ್ಜಿ ಹಾಕಿ.