ತಾರಸಿಯ ಹೀಟ್ ಪಂಪ್: ಕವಚ ಬಿಚ್ಚಬಹುದೇ?

ಪ್ರಶ್ನೆ: ಸ್ನಾನದ ನೀರು ಕಾಯಿಸಲು ತಾರಸಿಯ ಮೇಲೆ ಹೀಟ್ ಪಂಪ್ ಕೂರಿಸಿದ್ದೇವೆ. ಇತ್ತೀಚೆಗೆ ನೀರು ಬೇಗ ಕಾಯುತ್ತಿಲ್ಲ. ಅಡಿಯಲ್ಲಿ ಹನಿಯೂ ಬೀಳುತ್ತಿದೆ. ನಾನೇ ಬಿಚ್ಚಿ ಶುಚಿ ಮಾಡಬಹುದೇ?
– ಓದುಗರೊಬ್ಬರು, ಕುವೆಂಪುನಗರ, ಮೈಸೂರು

ಉತ್ತರ: ಹೊರಗಿನ ಶುಚಿ ನಿಮ್ಮದು, ಒಳಗಿನದು ಮೆಕ್ಯಾನಿಕ್‌ನದು. ಈ ಯಂತ್ರವು ಗಾಳಿಯಲ್ಲಿರುವ ಶಾಖವನ್ನು ಹೀರಿ ನೀರಿಗೆ ಸಾಗಿಸುವುದರಿಂದ, ಹಿಂಬದಿಯ ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ಧೂಳು, ತರಗೆಲೆ, ಪಾರಿವಾಳದ ಪುಕ್ಕ ಸೇರಿಕೊಂಡರೆ ಗಾಳಿಯಾಡದೆ ನೀರು ಕಾಯುವುದು ತಡವಾಗುತ್ತದೆ. ಯಂತ್ರಕ್ಕೆ ವಿದ್ಯುತ್ ಕೊಡುವ ಎಂಸಿಬಿ ಸ್ವಿಚ್ಚನ್ನು ಆಫ್ ಮಾಡಿ, ಮೆದು ಬ್ರಷ್‌ನಿಂದ ರೆಕ್ಕೆಗಳ ಉದ್ದಕ್ಕೇ ಉಜ್ಜಿರಿ. ಅಡ್ಡಡ್ಡ ಉಜ್ಜಿದರೆ ಅವು ಕಾಗದದಂತೆ ಮಡಚಿಕೊಳ್ಳುತ್ತವೆ. ಕಾರು ತೊಳೆಯುವ ಪ್ರೆಷರ್ ಪಂಪು ಬೇಡವೇ ಬೇಡ. ಹನಿಯುವ ನೀರು ಬಹುಮಟ್ಟಿಗೆ ತಣ್ಣನೆಯ ರೆಕ್ಕೆಗಳ ಮೇಲೆ ನೀರಾಗಿ ಇಳಿದ ಗಾಳಿಯ ತೇವವೇ. ಡಿಸೆಂಬರ್ ಬೆಳಗಿನಲ್ಲಿ ಯಂತ್ರ ತುಸು ನಿಧಾನವಾಗುವುದೂ ಸಹಜ.

ಕವಚವನ್ನು ಮಾತ್ರ ಬಿಚ್ಚಬೇಡಿ. ವಿದ್ಯುತ್ ನಿಲ್ಲಿಸಿದ ಮೇಲೂ ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಕೆಪಾಸಿಟರ್ ಎಂಬ ಬಿಡಿಭಾಗದಲ್ಲಿ ಕೆಲ ನಿಮಿಷ ಅಪಾಯಕಾರಿ ವಿದ್ಯುತ್ತು ಉಳಿದಿರಬಹುದು. ಶಾಖ ಸಾಗಿಸಲು ಯಂತ್ರದೊಳಗೆ ಒಂದು ಅನಿಲವಿರುತ್ತದೆ; ಯಂತ್ರದ ಫಲಕದ ಮೇಲೆ ಆರ್-290 ಎಂದಿದ್ದರೆ ಅದು ಪ್ರೊಪೇನ್, ಅಂದರೆ ಅಡುಗೆ ಅನಿಲದ ಬಂಧು. ಆರ್-32 ಎಂಬ ಇನ್ನೊಂದು ಅನಿಲ ಕೂಡ ಅಷ್ಟಿಷ್ಟು ಉರಿಯುವಂಥದ್ದೇ. ಸೋರಿಕೆ ಎಲ್ಲಿದೆಯೆಂದು ಹುಡುಕದೆ ‘ಗ್ಯಾಸ್ ತುಂಬಿಸಿದರಾಯಿತು’ ಎನ್ನುವವರನ್ನು ಹಿಂದಕ್ಕೆ ಕಳುಹಿಸಿ. ಮೆಕ್ಯಾನಿಕ್ ಬಂದಾಗಲೇ ಅರ್ಥಿಂಗ್ ಮತ್ತು ವಿದ್ಯುತ್ ಸೋರಿದರೆ ತಾನೇ ಕಡಿತಗೊಳಿಸುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಸ್ವಿಚ್ಚನ್ನೂ ಪರೀಕ್ಷಿಸಿಕೊಳ್ಳಿ.